ತಾಯಿಮರ ಎಲ್ಲಿದೆ, ಸಸಿ ಎಲ್ಲಿದೆ: ಬೀಜ ಪ್ರಸರಣವನ್ನು ಮಕ್ಕಳಿಗೆ ಕಲಿಸುವ ಬಗೆ

ಪ್ರಶ್ನೆ: ಬೆಂಗಳೂರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಪರಿಸರ ಅಧ್ಯಯನ ಕಲಿಸುತ್ತೇನೆ. ಬೀಜ ಪ್ರಸರಣದ ವಿಧಗಳು ಯಾವುವು ಎಂದು ಕೇಳಿದರೆ ಮಕ್ಕಳು ಗಾಳಿ, ನೀರು, ಪ್ರಾಣಿ, ಸಿಡಿಯುವಿಕೆ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಆದರೆ ಒಣಗಿದ ನುಗ್ಗೆಕಾಯಿಯನ್ನು ಕೈಗೆ ಕೊಟ್ಟು, ಇದರ ಬೀಜ ಹೇಗೆ ದೂರ ಹೋಗುತ್ತದೆ ಎಂದರೆ ಇಡೀ ತರಗತಿ ಸುಮ್ಮನಾಗುತ್ತದೆ. ನಮ್ಮ ಶಾಲೆಗೆ ಕೈತೋಟವಿಲ್ಲ, ಅಂಗಳಕ್ಕೆ ಸಿಮೆಂಟ್ ಹಾಕಿಸಿದ್ದಾರೆ, ಈ ಪಾಠಕ್ಕೆ ಸಿಗುವುದು ಎರಡೇ ಪೀರಿಯಡ್. ಏನು ಮಾಡಬಹುದು?

ಉತ್ತರ: ನಮಸ್ಕಾರ ಮೇಡಂ. ನಿಮ್ಮ ತರಗತಿ ಸುಮ್ಮನಾದದ್ದಕ್ಕೆ ಮಕ್ಕಳೂ ಕಾರಣರಲ್ಲ, ನೀವೂ ಕಾರಣರಲ್ಲ. ಗಾಳಿ, ನೀರು, ಪ್ರಾಣಿ, ಸಿಡಿಯುವಿಕೆ ಎಂಬ ನಾಲ್ಕು ತಲೆಬರಹಗಳು ಸಾವಿರಾರು ಬಗೆಯ ಬೀಜಗಳನ್ನು ನೋಡಿದವರು ಕೊನೆಯಲ್ಲಿ ಮಾಡಿಕೊಂಡ ವಿಂಗಡಣೆ. ಒಂದು ಬೀಜವನ್ನೂ ಸರಿಯಾಗಿ ನೋಡಿರದ ಮಗುವಿಗೆ ನಾವು ಆ ಕೊನೆಯನ್ನೇ ಮೊದಲು ಕೊಡುತ್ತೇವೆ. ಆದ್ದರಿಂದ ಆ ಪಟ್ಟಿಯನ್ನು ಕೆಲವು ವಾರ ಬದಿಗಿಟ್ಟು ಒಂದೇ ಒಂದು ಪ್ರಶ್ನೆಯನ್ನು ಹಿಡಿದುಕೊಳ್ಳಿ ಎಂಬುದು ನನ್ನ ಸಲಹೆ: ಸಸಿ ಎಲ್ಲಿದೆ, ಅದರ ತಾಯಿಮರ ಎಲ್ಲಿದೆ, ನಡುವಿನ ದಾರಿಯನ್ನು ಬೀಜ ಹೇಗೆ ದಾಟಿತು? ಈ ಪಾಠದ ತಿರುಳು ದೂರ. ದೂರವನ್ನು ಮಗು ಹೆಜ್ಜೆಯಲ್ಲಿ ಅಳೆಯಬಲ್ಲದು, ಕಣ್ಣಾರೆ ಕಾಣಬಲ್ಲದು.

ಸಿಮೆಂಟಿನ ಅಂಗಳ ನೀವು ಅಂದುಕೊಂಡಷ್ಟು ದೊಡ್ಡ ಅಡ್ಡಿಯಲ್ಲ. ಈ ಒಂದು ಪ್ರಶ್ನೆಯ ಮಟ್ಟಿಗೆ ಅದು ತೋಟಕ್ಕಿಂತ ಒಳ್ಳೆಯ ಜಾಗ. ತೋಟದಲ್ಲಿರುವ ಗಿಡವನ್ನು ಯಾರೋ ನೆಟ್ಟಿರುತ್ತಾರೆ. ಕಾಂಪೌಂಡ್ ಗೋಡೆಯ ಬಿರುಕು, ಮಹಡಿಯ ಮೇಲಿನ ನೀರಿನ ತೊಟ್ಟಿಯ ಬುಡ, ಮಳೆನೀರು ಇಳಿಯುವ ಪೈಪಿನ ಸಂದು ಇಲ್ಲೆಲ್ಲ ಬೆಳೆದ ಗಿಡವನ್ನು ಯಾರೂ ನೆಟ್ಟಿಲ್ಲ ಎಂಬುದು ಮಕ್ಕಳಿಗೆ ತಕ್ಷಣ ಹೊಳೆಯುತ್ತದೆ. ಹಿಂದೊಮ್ಮೆ ನಗರದ ಹಳೆಯ ಬಡಾವಣೆಯೊಂದರ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ, ಮಹಡಿಯ ಅಂಚಿನಲ್ಲಿ ಎರಡು ಗೇಣು ಎತ್ತರದ ಅರಳಿ ಸಸಿಯೊಂದನ್ನು ಮಕ್ಕಳಿಗೆ ತೋರಿಸಿ, ಇದನ್ನು ಅಲ್ಲಿಗೆ ತಂದವರು ಯಾರು ಎಂದು ಕೇಳಿದ್ದೆ. ಗಾಳಿ ಎಂದರು ಕೆಲವರು, ನೀರು ಎಂದರು ಇನ್ನು ಕೆಲವರು. ಮರುದಿನ ಒಬ್ಬ ಹುಡುಗಿ ದೇವಸ್ಥಾನದ ಅರಳಿಕಟ್ಟೆಯಿಂದ ಉದುರಿದ ಹಣ್ಣುಗಳನ್ನು ರುಮಾಲಿನಲ್ಲಿ ಕಟ್ಟಿಕೊಂಡು ಬಂದಳು. ಒಂದನ್ನು ಬೆರಳಿನಿಂದ ಹಿಸುಕಿ ಬಿಳಿ ಹಾಳೆಯ ಮೇಲೆ ಸವರಿದೆವು. ರಾಗಿಗಿಂತ ಎಷ್ಟೋ ಸಣ್ಣ ಬೀಜಗಳು, ಎಣಿಸಲು ಹೋದವರು ನೂರು ದಾಟುವ ಮೊದಲೇ ಕೈಬಿಟ್ಟರು. ರೆಕ್ಕೆಯಿಲ್ಲ, ನೂಲಿಲ್ಲ, ಮುಳ್ಳಿಲ್ಲ. ಹಣ್ಣು ಮಾತ್ರ ಮೆತ್ತಗೆ, ತುಸು ಸಿಹಿ. ‘ಹಂಗಾದ್ರೆ ಹಕ್ಕಿ ತಿಂದಿರ್ಬೇಕು ಮಿಸ್’ ಎಂದು ಅವಳೇ ಹೇಳಿದಳು. ಅರಳಿ, ಆಲ, ಅತ್ತಿಯ ಹಣ್ಣುಗಳನ್ನು ತಿಂದ ಕುಟ್ರು ಹಕ್ಕಿ, ಗೊರವಂಕ, ಕೋಗಿಲೆ, ಪಿಕಳಾರಗಳು ಎಲ್ಲೋ ಕುಳಿತು ಹಿಕ್ಕೆ ಹಾಕುತ್ತವೆ, ಆ ಹಿಕ್ಕೆಯ ಜೊತೆಗೆ ಬೀಜವೂ ಬೀಳುತ್ತದೆ ಎಂದು ನಾನು ಸೇರಿಸಿದ್ದು ಅಷ್ಟೇ. ಬಳಿಕ ಶಾಲೆಯಿಂದ ಅರಳಿಕಟ್ಟೆಯವರೆಗೆ ಮಕ್ಕಳು ಹೆಜ್ಜೆ ಎಣಿಸಿದರು. ಆ ಎಣಿಕೆ ಅವರಿಗೆ ವರ್ಷವಿಡೀ ನೆನಪಿತ್ತು.

ಇಷ್ಟು ದೂರ ಹೋಗಬೇಕಾದರೂ ಏಕೆ ಎಂಬ ಪ್ರಶ್ನೆಯನ್ನು ಮಕ್ಕಳು ಕೇಳದಿದ್ದರೆ ನೀವೇ ಕೇಳಿ. ಪುಸ್ತಕದ ಉತ್ತರವನ್ನು ಓದಿ ಹೇಳುವ ಬದಲು ಎರಡು ತೆಂಗಿನ ಕರಟಗಳಲ್ಲಿ ಮಣ್ಣು ತುಂಬಿಸಿ, ಒಂದರಲ್ಲಿ ಒಂದು ಚಮಚ ಸಾಸಿವೆಯನ್ನೂ ಇನ್ನೊಂದರಲ್ಲಿ ಎಣಿಸಿ ಐದೇ ಕಾಳುಗಳನ್ನೂ ಹಾಕಿಸಿ. ಎರಡಕ್ಕೂ ಒಂದೇ ಕಿಟಕಿಯ ಬೆಳಕು, ಒಂದೇ ಅಳತೆಯ ನೀರು ಇರಲಿ. ಮೂರು ವಾರದ ಹೊತ್ತಿಗೆ ಕಿಕ್ಕಿರಿದ ಕರಟದ ಸಸಿಗಳು ಬೆಳಕಿಗಾಗಿ ತೆಳ್ಳಗೆ ಉದ್ದಕ್ಕೆ ಎಳೆದುಕೊಂಡು ಬಾಗಿರುತ್ತವೆ, ಹಲವು ಒಣಗಿರುತ್ತವೆ ಅಥವಾ ಬುಡದಲ್ಲಿ ಕೊಳೆತಿರುತ್ತವೆ. ಐದು ಕಾಳಿನ ಕರಟದಲ್ಲಿ ಎಲೆಗಳು ಅಗಲವಾಗಿರುತ್ತವೆ. ತಾಯಿಮರದ ಅಡಿಯಲ್ಲೇ ಬಿದ್ದ ಬೀಜಗಳ ಪಾಡೂ ಇದೇ, ಜೊತೆಗೆ ಮೇಲಿನ ನೆರಳು ಬೇರೆ. ಇನ್ನೂ ಒಂದು ಕಾರಣವಿದೆ. ಒಂದು ಜಾತಿಯ ಮರವನ್ನು ಕಾಡುವ ಹುಳು ಮತ್ತು ಬೂಸ್ಟುಗಳು ಆ ಮರದ ಸುತ್ತಲೇ ಹೆಚ್ಚಾಗಿ ಸೇರಿಕೊಂಡಿರುತ್ತವೆ, ಹಾಗಾಗಿ ಹತ್ತಿರ ಬಿದ್ದ ಬೀಜಕ್ಕೂ ಸಸಿಗೂ ಅವುಗಳ ಕಾಟ ಹೆಚ್ಚು. ಡೇನಿಯಲ್ ಜಾನ್ಜೆನ್ 1970ರಲ್ಲೂ ಜೋಸೆಫ್ ಕಾನೆಲ್ 1971ರಲ್ಲೂ ಉಷ್ಣವಲಯದ ಕಾಡುಗಳ ಬಗ್ಗೆ ಬರೆಯುತ್ತ ಈ ವಿಚಾರವನ್ನು ಬೇರೆಬೇರೆಯಾಗಿಯೇ ಮುಂದಿಟ್ಟರು. ಮಕ್ಕಳಿಗೆ ಈ ಹೆಸರುಗಳು ಬೇಕಿಲ್ಲ; ‘ಅಮ್ಮನ ಹತ್ತಿರವೇ ಇದ್ದರೆ ಒಳ್ಳೆಯದಲ್ಲವೇ’ ಎಂದು ಯಾರಾದರೂ ಕೇಳಿದಾಗ ನಿಮ್ಮ ಬಳಿ ಉತ್ತರವಿರಲಿ ಎಂದು ಹೇಳಿದೆ.

ಈಗ ನಿಮ್ಮ ನುಗ್ಗೆಕಾಯಿಗೆ ಬರೋಣ. ಅದು ಬಹಳ ಒಳ್ಳೆಯ ಆಯ್ಕೆ, ಏಕೆಂದರೆ ಸಾಂಬಾರಿನಲ್ಲಿ ದಿನವೂ ಕಂಡರೂ ಮಕ್ಕಳಾರೂ ಅದರ ಬಲಿತ ಬೀಜವನ್ನು ನೋಡಿರುವುದಿಲ್ಲ. ಮರದಲ್ಲೇ ಒಣಗಲು ಬಿಟ್ಟ ಕಾಯಿ ಕಂದುಬಣ್ಣಕ್ಕೆ ತಿರುಗಿ, ಉದ್ದಕ್ಕೆ ಮೂರು ಸೀಳಾಗಿ ಬಿರಿಯುತ್ತದೆ. ಒಳಗೆ ಬೆಂಡಿನಂಥ ಬಿಳಿ ತಿರುಳಿನ ಗುಳಿಗಳಲ್ಲಿ ಬೀಜಗಳು ಸಾಲಾಗಿ ಕುಳಿತಿರುತ್ತವೆ. ಒಂದನ್ನು ಎತ್ತಿಕೊಂಡು ಅಂಗೈ ಮೇಲೆ ಇಟ್ಟರೆ, ಕಪ್ಪುಗಂದು ಗುಂಡಿಗೆ ಮೂರು ಬದಿಯಲ್ಲೂ ತೆಳು ಕಾಗದದಂಥ ರೆಕ್ಕೆಗಳು ಅಂಟಿಕೊಂಡಿರುವುದು ಕಾಣುತ್ತದೆ. ಬಾಯಿಂದ ಮೆಲ್ಲಗೆ ಊದಿದರೆ ಸಾಕು, ಅದು ಅಂಗೈ ಬಿಟ್ಟು ಹೊರಡುತ್ತದೆ. ಮಗು ಇದನ್ನು ತಾನೇ ಊದಿ ನೋಡಿದ ಮೇಲೆ ಗಾಳಿ ಎಂಬ ಪದವನ್ನು ನೀವು ಹೇಳಿಕೊಡಬೇಕಾಗಿಲ್ಲ.

ನುಗ್ಗೆ ಬೀಜದ ಪಕ್ಕದಲ್ಲಿ ಮಹಾಗನಿ ಬೀಜವನ್ನು ಇಡಿ. ಬೆಂಗಳೂರಿನ ಎಷ್ಟೋ ರಸ್ತೆಗಳ ಬದಿಯಲ್ಲಿ ಮಹಾಗನಿ ಮರಗಳಿವೆ. ಅವುಗಳ ಗಟ್ಟಿ ಕಾಯಿ ಬೇಸಿಗೆಯ ಆರಂಭದಲ್ಲಿ ಒಡೆದು, ಬೆರಳುದ್ದದ ಕಂದು ರೆಕ್ಕೆಯ ಬೀಜಗಳು ಗಿರಗಿರನೆ ಸುತ್ತುತ್ತ ಇಳಿಯುತ್ತವೆ. ರೆಕ್ಕೆ ಒಂದೇ ಕಡೆ ಇದೆ, ತೂಕ ಇನ್ನೊಂದು ತುದಿಯಲ್ಲಿದೆ. ಸುತ್ತುವುದಕ್ಕೆ ಅದೇ ಕಾರಣ, ಸುತ್ತುವುದರಿಂದಲೇ ಅದು ನಿಧಾನವಾಗಿ ಇಳಿಯುತ್ತದೆ. ಮೊದಲ ಮಹಡಿಯ ಕಾರಿಡಾರಿನಿಂದ ಒಂದು ಇಡೀ ಬೀಜವನ್ನೂ ರೆಕ್ಕೆ ಮುರಿದ ಇನ್ನೊಂದು ಬೀಜವನ್ನೂ ಒಟ್ಟಿಗೆ ಬಿಡಿಸಿ, ಕೆಳಗೆ ನಿಂತ ಮಕ್ಕಳು ಒಂದು, ಎರಡು, ಮೂರು ಎಂದು ಎಣಿಸಲಿ. ಬಿಡುವ ಮಗುವಿನ ಹಿಂದೆ ನೀವು ನಿಂತಿರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಗಾಳಿ ಒಂದು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬೀಸುತ್ತಿದೆ ಎಂದಿಟ್ಟುಕೊಂಡರೆ, 1 ಸೆಕೆಂಡಿನಲ್ಲಿ ನೆಲ ಮುಟ್ಟುವ ಬೀಜ ಸುಮಾರು 2 ಮೀಟರ್ ದೂರ ಹೋದೀತು, 3 ಸೆಕೆಂಡು ತೇಲುವ ಬೀಜ 6 ಮೀಟರ್ ಹೋದೀತು. ನಾಲ್ಕನೆಯ ತರಗತಿಯ ಗುಣಾಕಾರಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಗೊತ್ತಿಲ್ಲ. ರೆಕ್ಕೆಯ ಕೆಲಸ ಹಕ್ಕಿಯ ಹಾಗೆ ಹಾರಿಸುವುದಲ್ಲ, ಬೀಳುವುದನ್ನು ತಡಮಾಡುವುದು ಎಂಬ ಮುಖ್ಯ ಮಾತು ಆ ಲೆಕ್ಕದೊಳಗೆ ತಾನಾಗಿ ಬರುತ್ತದೆ. ಎಕ್ಕದ ಬೀಜದ ರೇಷ್ಮೆಯಂಥ ಕುಚ್ಚು, ಬೂರುಗದ ಅರಳೆ, ಜಕರಂಡ ಮತ್ತು ಟಬೂಬಿಯಾಗಳ ಪೊರೆಯಂಥ ರೆಕ್ಕೆ ಎಲ್ಲವೂ ಇದೇ ಕೆಲಸವನ್ನು ಬೇರೆಬೇರೆ ಬಗೆಯಲ್ಲಿ ಮಾಡುತ್ತವೆ. ಇವುಗಳನ್ನು ಒಂದು ಟೇಬಲ್ ಫ್ಯಾನಿನ ಮುಂದೆ ಬಿಟ್ಟು, ಬಿದ್ದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ ಅಳೆಯಲು ನಿಮ್ಮ ಸಿಮೆಂಟಿನ ಅಂಗಳವೇ ಸರಿಯಾದ ಜಾಗ.

ಇಲ್ಲಿ ಮಾತಿನ ಬಗ್ಗೆ ಒಂದು ಎಚ್ಚರಿಕೆ. ‘ಬೀಜವನ್ನು ದೂರ ಕಳಿಸಬೇಕೆಂದು ಮರ ರೆಕ್ಕೆ ಮಾಡಿಕೊಂಡಿತು’ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ, ಮಕ್ಕಳು ಮರಕ್ಕೆ ಒಂದು ಮನಸ್ಸು ಮತ್ತು ಉಪಾಯವನ್ನು ಕಲ್ಪಿಸಿಕೊಳ್ಳುತ್ತಾರೆ. ಕಥೆಯಲ್ಲಿ ಅದು ಚೆನ್ನ, ಪಾಠದಲ್ಲಿ ಮುಂದೆ ತೊಡಕಾಗುತ್ತದೆ. ‘ರೆಕ್ಕೆ ಇದ್ದ ಬೀಜ ದೂರ ಹೋಯಿತು, ದೂರ ಹೋದದ್ದಕ್ಕೆ ಬೆಳಕು ಸಿಕ್ಕಿತು, ಅದು ಬದುಕಿ ಮತ್ತೆ ರೆಕ್ಕೆಯ ಬೀಜಗಳನ್ನೇ ಬಿಟ್ಟಿತು’ ಎಂದು ಹೇಳಿದರೆ ವಾಕ್ಯ ಸ್ವಲ್ಪ ಉದ್ದವಾಗುತ್ತದೆ, ಆದರೆ ಹೈಸ್ಕೂಲಿನಲ್ಲಿ ಜೀವವಿಕಾಸವನ್ನು ಕಲಿಸುವವರು ಆ ತಿಳಿವಳಿಕೆಯನ್ನು ಬಿಡಿಸಿ ಮತ್ತೆ ಕಟ್ಟಬೇಕಾಗುವುದಿಲ್ಲ.

ಪ್ರಾಣಿಪಕ್ಷಿಗಳ ಭಾಗದಲ್ಲಿ ಮಕ್ಕಳು ಹೆಚ್ಚಾಗಿ ಎಡವುವುದು ಎರಡು ಕಡೆ. ಮೊದಲನೆಯದು ಪರಾಗಸ್ಪರ್ಶವನ್ನೂ ಬೀಜ ಪ್ರಸರಣವನ್ನೂ ಒಂದೇ ಎಂದುಕೊಳ್ಳುವುದು. ಇದಕ್ಕೆ ವ್ಯಾಖ್ಯೆಗಳು ನೆರವಾಗುವುದಿಲ್ಲ. ‘ಹೂವಿಗೆ ಬಂದವರು ಯಾರು, ಹಣ್ಣಿಗೆ ಬಂದವರು ಯಾರು’ ಎಂದು ಪ್ರತಿ ಸಲವೂ ಕೇಳುವ ರೂಢಿ ನೆರವಾಗುತ್ತದೆ. ಬಾವಲಿ ಬಾಳೆಯ ಹೂವಿನ ಮಕರಂದಕ್ಕೂ ಬರುತ್ತದೆ, ಅತ್ತಿಯ ಹಣ್ಣಿಗೂ ಬರುತ್ತದೆ, ಎರಡು ಕಡೆ ಅದು ಮಾಡುವ ಉಪಕಾರ ಬೇರೆಬೇರೆ. ಎರಡನೆಯದು, ಹಣ್ಣು ತಿಂದವರೆಲ್ಲರೂ ಬೀಜ ಬಿತ್ತುತ್ತಾರೆ ಎಂಬ ಭಾವನೆ. ಗಿಳಿ ಬಹುಮಟ್ಟಿಗೆ ಬೀಜವನ್ನೇ ಕೊಕ್ಕಿನಲ್ಲಿ ಒಡೆದು ತಿನ್ನುತ್ತದೆ, ಆ ಬೀಜದ ಕಥೆ ಅಲ್ಲಿಗೇ ಮುಗಿಯಿತು. ಪಿಕಳಾರ ಗಂಧದ ಹಣ್ಣನ್ನು ಇಡಿಯಾಗಿ ನುಂಗುತ್ತದೆ, ಆ ಬೀಜಕ್ಕೆ ಮುಂದೆ ದಾರಿಯಿದೆ. ಶಾಲೆಯ ಹತ್ತಿರ ಗಸಗಸೆ ಹಣ್ಣಿನ ಮರವಿದ್ದರೆ ನಿಮ್ಮ ಅದೃಷ್ಟ. ಆ ಕೆಂಪು ಹಣ್ಣಿಗಾಗಿ ಹಗಲೆಲ್ಲ ಹಕ್ಕಿ ಮತ್ತು ಅಳಿಲು, ಸಂಜೆಯ ಮೇಲೆ ಬಾವಲಿ ಬರುತ್ತವೆ; ಶಾಲೆ ಬಿಟ್ಟ ಮೇಲೆ ಮಕ್ಕಳೂ ಬರುತ್ತಾರೆ. ಮಾವಿನ ಮರದ ಮೇಲೆ ಬಂದಳಿಕೆ ಕಂಡರೆ ಅದನ್ನೂ ತಪ್ಪದೆ ತೋರಿಸಿ: ಆ ಬೀಜಕ್ಕೆ ಬೇಕಾದದ್ದು ನೆಲವಲ್ಲ, ಇನ್ನೊಂದು ಮರದ ಕೊಂಬೆ. ಹಣ್ಣು ತಿಂದ ಪುಟ್ಟ ಹಕ್ಕಿಯಿಂದ ಹೊರಬಿದ್ದ ಬೀಜಕ್ಕೆ ಗೋಂದಿನಂಥ ಅಂಟು ಉಳಿದಿರುತ್ತದೆ, ಅದು ಕೊಂಬೆಗೆ ಅಂಟಿಕೊಂಡು ಅಲ್ಲಿಯೇ ಮೊಳೆಯುತ್ತದೆ. ಎಲ್ಲ ಬೀಜವೂ ಮಣ್ಣಿಗೇ ಬೀಳಬೇಕು ಎಂದುಕೊಂಡಿದ್ದ ಮಕ್ಕಳಿಗೆ ಇದು ಬಹಳ ಹಿಡಿಸುತ್ತದೆ.

ಮೈಗೆ ಅಂಟಿಕೊಂಡು ಹೋಗುವ ಬೀಜಗಳಿಗೆ ಒಂದು ಹಳೆಯ ಜೊತೆ ಕಾಲುಚೀಲ ಸಾಕು. ದಸರಾ ರಜೆ ಮುಗಿದ ಮೇಲೆ, ಖಾಲಿ ಸೈಟಿನ ಅಂಚಿನಲ್ಲಿ ಉತ್ತರಾಣಿ ಬಲಿತು ನಿಂತಿರುವಾಗ, ಬೂಟಿನ ಮೇಲೆ ಉಣ್ಣೆಯ ಕಾಲುಚೀಲ ಎಳೆದುಕೊಂಡು ಹತ್ತು ಹೆಜ್ಜೆ ನಡೆದು ಬನ್ನಿ. ತರಗತಿಯಲ್ಲಿ ಅದನ್ನು ಬಿಚ್ಚಿ, ಅಂಟಿದ್ದನ್ನು ಒಂದೊಂದಾಗಿ ಕೀಳಿಸಿ, ಎಣಿಸಿ, ಎಲ್ಲರೂ ಭೂತಗನ್ನಡಿಯಲ್ಲಿ ನೋಡಲಿ. ತುದಿಯ ಚೂಪು ಮುಳ್ಳು ಕಂಡ ಮೇಲೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ ಅವರ ಸಂಗತಿ ಹೇಳಿ. 1941ರಲ್ಲಿ ತಿರುಗಾಡಲು ಹೋಗಿ ಬಂದಾಗ ತಮ್ಮ ನಾಯಿಯ ಕೂದಲಿಗೆ ಅಂಟಿದ್ದ ಒಂದು ಬಗೆಯ ಮುಳ್ಳುಕಾಯಿಗಳನ್ನು ಅವರು ಸೂಕ್ಷ್ಮದರ್ಶಕದಲ್ಲಿ ನೋಡಿದರು, ಅದರ ಕೊಕ್ಕೆಗಳ ಮಾದರಿಯಲ್ಲೇ ವೆಲ್ಕ್ರೋ ಪಟ್ಟಿಯನ್ನು ರೂಪಿಸಿದರು. ಮಕ್ಕಳ ಶೂಗಳಲ್ಲೇ ಆ ಪಟ್ಟಿ ಇರುತ್ತದೆ, ಚರ್ರೆಂದು ಎಳೆದು ನೋಡಲಿ.

ನೀರಿನ ಬಗ್ಗೆ ತೆಂಗು, ತಾವರೆ ಎಂದು ಪುಸ್ತಕ ಹೇಳುತ್ತದೆ, ಸರಿಯಾಗಿಯೇ ಹೇಳುತ್ತದೆ. ಆದರೆ ನಮ್ಮ ರಸ್ತೆಗಳ ಹೊಂಗೆ ಅದಕ್ಕಿಂತ ಹತ್ತಿರದ ಉದಾಹರಣೆ. ಹೊಂಗೆ ಮೂಲತಃ ಹೊಳೆದಂಡೆ, ಹಳ್ಳದ ಬದಿಗಳಲ್ಲಿ ಚೆನ್ನಾಗಿ ಬೆಳೆಯುವ ಮರ, ಅದರ ಕಾಯಿ ತಾನಾಗಿ ಒಡೆಯದೆ ನೀರಿನ ಮೇಲೆ ತೇಲುತ್ತದೆ. ಒಂದು ಬಕೆಟ್ ನೀರಿಗೆ ಇಡೀ ಕಾಯಿಯನ್ನೂ ಸಿಪ್ಪೆ ಬಿಡಿಸಿದ ಬೀಜವನ್ನೂ ಹಾಕಿ, ಏನಾಗುತ್ತದೆಂದು ಮಕ್ಕಳು ಮೊದಲು ಊಹಿಸಿ ಬರೆದು ಆಮೇಲೆ ನೋಡಲಿ. ಜೋರು ಮಳೆ ಬಂದ ಮಾರನೆಯ ದಿನ ಚರಂಡಿಯ ತಿರುವಿನಲ್ಲಿ ಹೊಂಗೆಕಾಯಿಗಳು ಗುಂಪಾಗಿ ನಿಂತಿರುವುದನ್ನು ತೋರಿಸಿ, ಅಲ್ಲಿಂದ ರಾಜಕಾಲುವೆಗೆ, ರಾಜಕಾಲುವೆಯಿಂದ ಕೆರೆಗೆ ದಾರಿಯನ್ನು ಬೋರ್ಡಿನ ಮೇಲೆ ಬರೆಯಿರಿ.

ಕೆರೆಯ ಮಾತು ಬಂದದ್ದರಿಂದ ಇನ್ನೊಂದು. ಚಾರ್ಲ್ಸ್ ಡಾರ್ವಿನ್ ಕೊಳವೊಂದರ ಅಂಚಿನಿಂದ ಮೂರು ದೊಡ್ಡ ಚಮಚದಷ್ಟು ಕೆಸರು ತಂದು, ಆರು ತಿಂಗಳು ತಮ್ಮ ಓದುವ ಕೋಣೆಯಲ್ಲಿ ಮುಚ್ಚಿಟ್ಟು, ಮೊಳೆತ ಸಸಿಗಳನ್ನು ಒಂದೊಂದಾಗಿ ಕಿತ್ತು ಎಣಿಸಿದರು. ಒಟ್ಟು 537 ಇದ್ದವು. ನೀರುಹಕ್ಕಿಯ ಕಾಲಿಗೆ ಮೆತ್ತಿದ ಕೆಸರಿನಲ್ಲಿ ಎಷ್ಟು ಬೀಜ ಪ್ರಯಾಣ ಮಾಡಬಹುದೆಂಬುದು ಅವರ ಕುತೂಹಲವಾಗಿತ್ತು. ಮಳೆಗಾಲದಲ್ಲಿ ಮಕ್ಕಳ ಶೂ ಅಡಿಯ ಮಣ್ಣನ್ನು ಕೆರೆದು ಒಂದು ತಟ್ಟೆಗೆ ಹಾಕಿ ದಿನವೂ ನೀರು ಚಿಮುಕಿಸಿದರೆ ಇದೇ ಪ್ರಯೋಗ ನಿಮ್ಮ ತರಗತಿಯಲ್ಲೂ ಆಗುತ್ತದೆ. ತಮ್ಮ ಶೂವಿನಿಂದ ಹುಲ್ಲು ಮೊಳೆತದ್ದನ್ನು ಕಂಡ ಮಗು ಪ್ರಾಣಿಗಳ ಪಟ್ಟಿಗೆ ತನ್ನ ಹೆಸರನ್ನೂ ಸೇರಿಸಿಕೊಳ್ಳುತ್ತದೆ.

ಸಿಡಿಯುವ ಕಾಯಿಗಳಿಗೆ ಕರ್ಣಕುಂಡಲ ಸಾಕು. ಬಲಿತ ಕಾಯಿಯನ್ನು ಬೆರಳು ಮುಟ್ಟಿದೊಡನೆ ಅದರ ಹೋಳುಗಳು ಸುರುಳಿ ಸುತ್ತಿಕೊಂಡು ಬೀಜ ಚಿಮ್ಮುತ್ತವೆ. ಇನ್ನೂ ಸೊಗಸಾದದ್ದು ರಸ್ತೆ ಬದಿಯಲ್ಲಿ ನೇರಳೆ ಬಣ್ಣದ ಹೂ ಬಿಡುವ ರುಯೆಲ್ಲಿಯಾ ಗಿಡ. ಅದರ ಒಣಗಿದ, ಕಡ್ಡಿಯಂಥ ಕಂದು ಕಾಯಿಯನ್ನು ಅಗಲವಾದ ತಟ್ಟೆಯ ನೀರಿನಲ್ಲಿ ಹಾಕಿ ಕಾದರೆ, ಕೆಲವೇ ಕ್ಷಣಗಳಲ್ಲಿ ಚಟ್ ಎಂದು ಸೀಳಿ ಬೀಜಗಳು ಕೋಣೆಯ ಮೂಲೆಗೆ ಹಾರುತ್ತವೆ. ಕಾಯಿಯ ತುದಿಯನ್ನು ಹಿಡಿದಿಟ್ಟಿರುವ ಅಂಟು ನೀರಿಗೆ ಸಡಿಲವಾಗುತ್ತದೆ, ಒಣಗುವಾಗ ಕೂಡಿಟ್ಟುಕೊಂಡ ಬಿಗಿತ ಒಮ್ಮೆಲೆ ಬಿಡುಗಡೆಯಾಗುತ್ತದೆ. ಮಳೆಹನಿ ಬಿದ್ದಾಗಲೇ ಸಿಡಿಯುವುದರಿಂದ ಬೀಜಕ್ಕೆ ಒದ್ದೆ ನೆಲ ಸಿಗುತ್ತದೆ ಎಂಬುದನ್ನು ಮಕ್ಕಳೇ ಹೇಳುವವರೆಗೆ ಕಾಯಿರಿ, ಹೇಳುತ್ತಾರೆ. ತಟ್ಟೆಯ ಮೇಲೆ ಮುಖ ಬಾಗಿಸಲು ಮಾತ್ರ ಬಿಡಬೇಡಿ.

ಪುಸ್ತಕದ ಪಟ್ಟಿಯಲ್ಲಿ ಮನುಷ್ಯನಿಗೆ ಸಿಗುವುದು ಒಂದು ಸಾಲು, ಬೆಂಗಳೂರಿನಲ್ಲಿ ಅದು ಸಾಲದು. ನಮ್ಮ ರಸ್ತೆಗಳಿಗೆ ನೆರಳು ಕೊಡುವ ಮಳೆಮರ, ಜಕರಂಡ, ಟಬೂಬಿಯಾ, ಮಹಾಗನಿ ಅಮೆರಿಕ ಖಂಡಗಳ ಬಿಸಿನಾಡುಗಳಿಂದ ಬಂದವು, ಗುಲ್‌ಮೊಹರ್ ಮಡಗಾಸ್ಕರ್‌ನದು. ಅವುಗಳ ಯಾವ ರೆಕ್ಕೆಯೂ ಸಮುದ್ರ ದಾಟಿಸಲಿಲ್ಲ, ಮನುಷ್ಯರ ಕೈ ದಾಟಿಸಿತು. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗಿಗೆ ಹೊರನಾಡಿನ ಎಷ್ಟೋ ಗಿಡಮರಗಳು ಬಂದು ಸೇರಿದವು. ಇದನ್ನು ಮಕ್ಕಳ ಮನೆಗೆ ತನ್ನಿ. ನಿಮ್ಮ ತರಗತಿಯಲ್ಲಿ ಬೇರೆಬೇರೆ ಜಿಲ್ಲೆಗಳಿಂದ ಬಂದ ಮನೆಗಳ ಮಕ್ಕಳಿರುತ್ತಾರೆ. ಊರಿನಿಂದ ಅಜ್ಜಿ ಸೆರಗಿನಲ್ಲಿ ಕಟ್ಟಿ ತಂದ ಸೋರೆ ಬೀಜ, ಅವರೆಕಾಳು, ಟೆರೇಸಿನ ಡಬ್ಬದಲ್ಲಿ ಹಾಕಿದ ಮೆಂತ್ಯ ಇವುಗಳ ಬಗ್ಗೆ ಕೇಳಿ ಬರಲಿ. ಎಲ್ಲಿಂದ ಎಲ್ಲಿಗೆ, ಎಷ್ಟು ದೂರ, ಯಾರು ತಂದರು ಎಂಬ ಮೂರೇ ಕಾಲಂ ಸಾಕು.

ಇನ್ನು ಎರಡು ಪೀರಿಯಡ್‌ಗಳ ಪ್ರಶ್ನೆ. ಇದನ್ನು ಒಂದೇ ವಾರದಲ್ಲಿ ಮುಗಿಸುವುದು ಕಷ್ಟ, ಏಕೆಂದರೆ ಬೀಜಗಳು ನಮ್ಮ ಪಾಠಯೋಜನೆಯನ್ನು ಕೇಳಿ ಬಲಿಯುವುದಿಲ್ಲ. ಜೂನ್, ಜುಲೈಯಲ್ಲಿ ನೇರಳೆಯಂಥ ತಿರುಳುಹಣ್ಣುಗಳು, ಮಳೆಗಾಲದಲ್ಲಿ ಕರ್ಣಕುಂಡಲ, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಅಂಟುವ ಕಾಯಿಗಳು, ಜನವರಿಯ ಬಳಿಕ ಒಣಹವೆಯಲ್ಲಿ ಹಾರುವ ಬೀಜಗಳು. ಹಾರುವ ಬೀಜಗಳಲ್ಲಿ ಎಷ್ಟೋ ಬೇಸಿಗೆ ರಜೆಯಲ್ಲೇ ಉದುರಿಹೋಗುತ್ತವೆ, ಆದ್ದರಿಂದ ಸಿಕ್ಕಾಗ ಬೆಂಕಿಪೊಟ್ಟಣಗಳಲ್ಲಿ ತುಂಬಿ, ಮರದ ಹೆಸರು ಮತ್ತು ತಿಂಗಳು ಬರೆದಿಟ್ಟುಕೊಳ್ಳಿ. ಒಂದು ವರ್ಷದ ಸಂಗ್ರಹ ಮುಂದಿನ ತಂಡಕ್ಕೂ ಆಗುತ್ತದೆ. ತಿಂಗಳಿಗೊಮ್ಮೆ ಹತ್ತು ನಿಮಿಷ ಒಂದೊಂದು ಬೀಜವನ್ನು ನೋಡಿ, ನಿಮ್ಮ ಎರಡು ಪೀರಿಯಡ್‌ಗಳನ್ನು ಕೊನೆಗೆ ವಿಂಗಡಣೆಗೆ ಉಳಿಸಿಕೊಳ್ಳಿ. ಆ ಹೊತ್ತಿಗೆ ಮಕ್ಕಳು ಬೀಜಗಳನ್ನು ತಾವೇ ಗುಂಪು ಮಾಡುತ್ತಾರೆ, ನಾಲ್ಕು ತಲೆಬರಹಗಳು ಅವರ ಬಾಯಿಂದಲೇ ಬರುತ್ತವೆ, ಕೆಲವೊಮ್ಮೆ ಐದನೆಯದೂ ಬರುತ್ತದೆ. ಲಾಲ್‌ಬಾಗ್, ಕಬ್ಬನ್ ಪಾರ್ಕಿಗೆ ಕರೆದೊಯ್ದರೆ ಏನನ್ನೂ ಕೀಳಬಾರದು. ಉದುರಿದ್ದನ್ನೂ ಅಲ್ಲಿಯವರನ್ನು ಕೇಳಿಯೇ ತೆಗೆದುಕೊಳ್ಳಿ.

ಸಂಗ್ರಹಕ್ಕೆ ಮೊದಲು ಅಪಾಯದ ಗಿಡಗಳನ್ನು ನೀವು ಗುರುತಿಸಬಲ್ಲವರಾಗಿರಬೇಕು, ಇದರಲ್ಲಿ ಸಡಿಲ ಬೇಡ. ಗುಲಗಂಜಿ, ಹರಳು, ಉಮ್ಮತ್ತಿ, ಕಣಗಿಲೆಗಳ ಬೀಜ ವಿಷ. ನೋಡಲು ಚೆಂದ ಎಂದು ಗುಲಗಂಜಿಯನ್ನು ಕೆಲವರು ತರಗತಿಗೆ ತರುತ್ತಾರೆ, ನೀವು ತರಬೇಡಿ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ತೀವ್ರ ತೊಂದರೆಯಾಗುತ್ತದೆ, ಹಾಗಾಗಿ ತಾನಾಗಿ ಬಿರಿದ ಒಣ ಕಾಯಿಯನ್ನು ದೊಡ್ಡವರೇ ತರಬೇಕು. ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡವಿದ್ದರೆ ಉತ್ತರಾಣಿಗಾಗಿ ಬೇರೆ ಜಾಗ ನೋಡಿ. ಅದು ಚರ್ಮಕ್ಕೂ ಉಸಿರಿಗೂ ಅಲರ್ಜಿ ತರುತ್ತದೆ. ಉಬ್ಬಸವಿರುವ ಮಗುವನ್ನು ಬೂರುಗದ ಅರಳೆಯಿಂದ ದೂರ ಕೂರಿಸಿ. ಬೀಜ ಮುಟ್ಟಿದ ಮೇಲೆ ಎಲ್ಲರೂ ಸಾಬೂನಿನಿಂದ ಕೈ ತೊಳೆಯಲಿ.

ಪರೀಕ್ಷೆಯಲ್ಲಿ ವಿಧಗಳನ್ನು ಪಟ್ಟಿಮಾಡಿ ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೆ ನಿಮ್ಮ ಮಕ್ಕಳು ಈಗಾಗಲೇ ಸಿದ್ಧರಿದ್ದಾರೆ. ನಿಮ್ಮ ಮಟ್ಟಿಗೆ ಒಂದು ಬಾಯಿಮಾತಿನ ಪರೀಕ್ಷೆ ಮಾಡಿ. ಅವರು ನೋಡಿರದ ಒಂದು ಬೀಜವನ್ನು, ಉದಾಹರಣೆಗೆ ಕೆಂಪು ತಿರುಳಿನ ಸಂಪಿಗೆಯ ಬೀಜವನ್ನು ಅಥವಾ ಅಂಟುಅಂಟಾದ, ಸಿಹಿ ವಾಸನೆಯ ಮಳೆಮರದ ಕಾಯಿಯನ್ನು ಕೊಟ್ಟು, ಇದು ಹೇಗೆ ಹೋದೀತು, ಏಕೆ ಹಾಗೆಂದುಕೊಂಡೆ ಎಂದು ಕೇಳಿ. ಸಂಪಿಗೆಯ ಬಣ್ಣ ಕಂಡು ಹಕ್ಕಿ ಎಂದವರಿಗೂ, ಮಳೆಮರದ ಕಾಯಿ ಮೂಸಿ ದನ ಎಂದವರಿಗೂ ಪೂರ್ತಿ ಅಂಕ ಕೊಡಿ. ತಪ್ಪು ಊಹೆಗೆ ಸರಿಯಾದ ಕಾರಣ ಕೊಟ್ಟವರಿಗೂ ಅಂಕವಿರಲಿ. ತೆಂಗಿನಕಾಯಿಯನ್ನು ನೀರಿಗೂ ಮನುಷ್ಯರಿಗೂ ಸೇರಿಸಬಹುದೇ ಎಂದು ಯಾರಾದರೂ ಕೇಳಿದರೆ ಸೇರಿಸಬಹುದು ಎನ್ನಿ. ಉತ್ತರಾಣಿಯಲ್ಲಿ ಅಂಟಿದ್ದು ಬೀಜವೋ ಕಾಯಿಯೋ ಎಂಬ ಸೂಕ್ಷ್ಮಕ್ಕೆ ನಾಲ್ಕನೆಯ ತರಗತಿಯಲ್ಲಿ ಇಳಿಯಬೇಡಿ. ಅದು ಪುಟ್ಟ ಕಾಯಿ, ಬೀಜ ಅದರೊಳಗಿದೆ ಎಂಬುದು ನಿಮಗೆ ಗೊತ್ತಿದ್ದರೆ ಸಾಕು.

ಗೋಡೆಯ ಬಿರುಕಿನಲ್ಲಿ ಅರಳಿಯೋ ಆಲವೋ ಸಿಕ್ಕರೆ, ಪಾಠಕ್ಕೆ ಬಳಸಿಕೊಂಡ ಬಳಿಕ ಹಾಗೆಯೇ ಬಿಡಬೇಡಿ. ಬೇರು ದಪ್ಪವಾದರೆ ಗೋಡೆ ಸೀಳುತ್ತದೆ. ಎಳೆಯದಿರುವಾಗಲೇ ಬಿರುಕಿಗೆ ನೀರು ಹಾಕಿ ಮೆತ್ತಗಾಗಿಸಿ, ಬೇರು ತುಂಡಾಗದಂತೆ ಬಿಡಿಸಿ, ಮಣ್ಣು ತುಂಬಿದ ಹಳೆಯ ಎಣ್ಣೆ ಡಬ್ಬಕ್ಕೆ ಮಕ್ಕಳ ಕೈಯಿಂದಲೇ ನೆಡಿಸಿ, ಸಿಕ್ಕ ದಿನಾಂಕವನ್ನೂ ತಾಯಿಮರದವರೆಗಿನ ಹೆಜ್ಜೆಗಳನ್ನೂ ಡಬ್ಬದ ಮೇಲೆ ಬರೆಸಿ.